ನೋಡದ ನಾಸಿಕವನ್ನು ಮಾವನವರಿಗೆ ತೋರಿಸಿದ್ದು

ನದಿ ದಂಡೆಯ ಪುಣ್ಯಕ್ಷೇತ್ರಕ್ಕೆ ವರ್ಗವಾದ ಬ್ಯಾಂಕ್ ನೌಕರನ ಮನೆಗೆ ನೆಂಟರು ಬಂದೇ ಬರುತ್ತಾರೆ. ಬಂದವರು ಊರು ತೋರಿಸಿ ಅಂದೇ ಅನ್ನುತ್ತಾರೆ. ತೋರಿಸಲು ಹೊರಟವನು ಏನಾದರೊಂದು ಎಡವಟ್ಟು ಮಾಡಿಯೇ ಮಾಡುತ್ತಾನೆ. ನಾಸಿಕದಲ್ಲಿದ್ದ ಏಳು ವರ್ಷಗಳಲ್ಲಿ ನನ್ನ ಕೈಯಿಂದ ಇಂಥವು ಬೇಕಾದಷ್ಟು ಆಗಿವೆ. ಆದರೆ ಮಾವನವರು ಬಂದಾಗ ಆದದ್ದರ ಮುಂದೆ ಉಳಿದವೆಲ್ಲ ಚಿಲ್ಲರೆ. ನೆನೆಸಿಕೊಂಡರೆ ಈಗಲೂ ಮೊದಲು ಮೈ ಬೆವರುತ್ತದೆ, ಆಮೇಲೆ 'ಸದ್ಯ, ಬಚಾವಾದೆ' ಅನಿಸುತ್ತದೆ.

ಭಾನುವಾರದ ಪ್ರವಾಸಗಳು

ಎರಡು ಸಾವಿರದ ಎಂಟರ ಸುಮಾರಿಗೆ ನನಗೆ ಕಲಬುರಗಿಯಿಂದ ನಾಸಿಕಕ್ಕೆ ವರ್ಗವಾಯಿತು. ಸಾತಪುರದ ಕಾರ್ಖಾನೆಗಳ ನಡುವಿನ ಶಾಖೆ. ಹೆಂಡತಿಗೆ ಊರಿನ ಶಾಲೆಯಲ್ಲಿ ಕೆಲಸವಿತ್ತು. ಆ ವರ್ಷ ಮುಗಿಸಿಕೊಂಡು ಬರುತ್ತೇನೆಂದು ಅವಳು ಅಲ್ಲೇ ಉಳಿದಳು. ನಾನು ಒಂದು ಕೋಣೆ ಹಿಡಿದು ಒಬ್ಬನೇ ಇದ್ದೆ.

ಪ್ರತಿ ಭಾನುವಾರ ಸಂಜೆ ಭಾಲ್ಕಿಯಿಂದ ಮಾವನವರ ಫೋನು ಬರುತ್ತಿತ್ತು. ಅವರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದ ಮಾಸ್ತರರು. ಮೊದಲ ಭಾನುವಾರವೇ ಕೇಳಿದರು, "ಅಳಿಯಂದ್ರ, ಗೋದಾವರಿ ದಂಡಿ ಮ್ಯಾಲಿನ ಊರಾಗ ಇದ್ದೀರಿ. ಇವತ್ತು ಎಲ್ಲೆಲ್ಲಿ ಹೋಗಿ ಬಂದ್ರಿ?"

ಅವತ್ತು ನಾನು ಹನ್ನೊಂದರವರೆಗೆ ಮಲಗಿ, ಎದ್ದು ಉಂಡು, ಸಂಜೆಗೆ ಆರು ಅಂಗಿ ಒಗೆಯಲು ಕೂತಿದ್ದೆ. ಫೋನನ್ನು ಹೆಗಲಿಗೆ ಒತ್ತಿ ಹಿಡಿದು ಕಾಲರ್ ಉಜ್ಜುತ್ತಲೇ ಮಾತಾಡುತ್ತಿದ್ದೆ. ಇತಿಹಾಸದ ಮಾಸ್ತರರಿಗೆ ಅಂಗಿಯ ಸುದ್ದಿ ಹೇಗೆ ಹೇಳುವುದು? "ಪಂಚವಟಿಗೆ ಹೋಗಿದ್ದೆರಿ" ಅಂದುಬಿಟ್ಟೆ.

ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. "ಹೌದ್ರಿ? ಹೇಳ್ರಿ, ಹೇಳ್ರಿ" ಅಂದರು. ನಾನು ಹೇಳುತ್ತ ಹೋದೆ. ಮುಂದಿನ ಭಾನುವಾರ ಇನ್ನೊಂದು ಜಾಗ, ಅದರ ಮುಂದಿನ ಭಾನುವಾರ ಮತ್ತೊಂದು. ಸರಕಿಗೆ ಕೊರತೆ ಇರಲಿಲ್ಲ. ಶನಿವಾರ ಪಾಸ್‌ಬುಕ್ ಹಿಡಿದು ಬರುವ ಕಾರ್ಖಾನೆಯ ಕೆಲಸಗಾರರನ್ನು "ನಿಮ್ಮೂರಿನಲ್ಲಿ ನೋಡುವಂಥದ್ದು ಏನಿದೆ?" ಎಂದು ಕೇಳಿದರೆ ಸಾಕು. ಶನಿವಾರ ಅವರು ಹೇಳಿದ್ದು ಭಾನುವಾರ ನನ್ನ ಅನುಭವವಾಗುತ್ತಿತ್ತು.

ಇದರಿಂದ ಅತ್ತೆಯ ಮನೆಯಲ್ಲಿ ನನ್ನ ಕಿಮ್ಮತ್ತು ಏರಿತು. ಆ ಮನೆಯ ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕ, ಬೀದರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವವರು. ಕಾಶಿ, ರಾಮೇಶ್ವರ ಎರಡನ್ನೂ ನಿಜವಾಗಿ ನೋಡಿ, ಫೋಟೋ ತೆಗೆಸಿಕೊಂಡು ಬಂದವರು. ಅವರ ಮುಂದೆ ನಾನು ಅಲ್ಲಿಯತನಕ 'ಉಣ್ಣೋದು ಕಡಿಮಿ' ಎಂಬ ಒಂದೇ ಗುಣಕ್ಕೆ ಹೆಸರಾಗಿದ್ದೆ. ಈಗ ಮಾವನವರು ಬಂದವರಿಗೆಲ್ಲ ಹೇಳತೊಡಗಿದರು, "ದೊಡ್ಡ ಅಳಿಯಂದ್ರಿಗಿ ವ್ಯಾಪಾರ ಗೊತ್ತದ, ಸಣ್ಣ ಅಳಿಯಂದ್ರಿಗಿ ಇತಿಹಾಸ ಗೊತ್ತದ."

ಈ ಮಾತು ಕಿವಿಗೆ ಬಿದ್ದ ಮೇಲೆ ನಿಲ್ಲಿಸುವುದು ಹೇಗೆ? ವರ್ಷ ತುಂಬುವುದರೊಳಗೆ ನಾನು ಇಡೀ ನಾಸಿಕ ಮುಗಿಸಿದ್ದೆ. ವೇರೂಳದ, ಅಂದರೆ ಎಲ್ಲೋರಾದ ಗುಹೆಗಳಿಗೆ ಹೋಗಿ ಬಂದಿದ್ದೆ. ದೌಲತಾಬಾದ್ ಕೋಟೆಯನ್ನಂತೂ ಎರಡು ಸಲ ಹತ್ತಿದ್ದೆ. ಆ ಕೋಟೆ ನನಗೆ ಅಷ್ಟು ಇಷ್ಟವಾಗಿತ್ತು.

ರಿಕ್ಷಾದವನ ಪ್ರಶ್ನೆ

ಹೆಂಡತಿ ಮಳೆಗಾಲದ ಹೊತ್ತಿಗೆ ಬಂದಳು. ಅವಳು ಊರು ತೋರಿಸಿ ಅಂದಾಗಲೆಲ್ಲ "ಮಳೆ ನಿಲ್ಲಲಿ, ನಾನು ನೋಡೀನಿ, ಒದ್ದೆಯಾದರೆ ಚಂದ ಕಾಣಂಗಿಲ್ಲ" ಎಂದು ದೀಪಾವಳಿಯವರೆಗೆ ತಳ್ಳಿದೆ. ದೀಪಾವಳಿ ಮುಗಿದ ವಾರವೇ ಮಾವನವರ ಫೋನು ಬಂತು.

"ಅಳಿಯಂದ್ರ, ಶುಕ್ರವಾರ ಬರ್ಲತ್ತೀನಿ. ನೀವು ನೋಡಿದ್ದೆಲ್ಲ ನಿಮ್ಮ ಬಾಯಿಂದ ಕೇಳ್ಕೋತ ನೋಡಬೇಕು. ನಮ್ಮ ನಿವೃತ್ತ ಶಿಕ್ಷಕರ ಸಂಘದಾಗ ಪ್ರವಾಸದ ಲೇಖನ ಓದ್ತೀನಿ ಅಂತ ಹೆಸರು ಕೊಟ್ಟೀನಿ. ನಿಮ್ಮ ಹೆಸರು ಹಾಕೇ ಬರೀತೀನಿ. ಓದೋ ದಿನ ದೊಡ್ಡ ಅಳಿಯಂದ್ರಿಗೂ ಬರ್ರಿ ಅಂತ ಹೇಳೀನಿ."

ಈ ಮಾತು ಬಂದದ್ದು ಬುಧವಾರ. ಗುರುವಾರ, ಶುಕ್ರವಾರ ಎರಡೂ ದಿನ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್. ಓಡಿ ಹೋಗಿ ಒಂದು ಸಲ ನೋಡಿಕೊಂಡು ಬರುತ್ತೇನೆಂದರೂ ದಾರಿ ಇರಲಿಲ್ಲ. ಫೋನಿನಲ್ಲೇ ದಾರಿ ನೋಡಿಕೊಳ್ಳುವ ಕಾಲವೂ ಅದಲ್ಲ. ಕೊನೆಗೆ ಶನಿವಾರಕ್ಕೆ ರಜೆ ಹಾಕಿ, ಪಂಚವಟಿಯಲ್ಲೇ ಹುಟ್ಟಿ ಬೆಳೆದ ಒಬ್ಬ ರಿಕ್ಷಾದವನನ್ನು ಇಡೀ ದಿನಕ್ಕೆ ಗೊತ್ತುಮಾಡಿ, ನನ್ನ ಸಂಕಟ ಹೇಳಿಕೊಂಡೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು "ಸಾಹೇಬ, ಕಾಳಜೀ ಕರೂ ನಕಾ" ಎಂದು ಧೈರ್ಯ ಹೇಳಿದ.

ಅವನ ಉಪಾಯ ಸರಳವಾಗಿತ್ತು. ಪ್ರತಿ ಗುಡಿಯ ಮುಂದೆ ರಿಕ್ಷಾ ನಿಲ್ಲಿಸಿ, "ಸಾಹೇಬ, ಕಾಳಾರಾಮನ ಗುಡಿ ಅಂದ್ರಲ್ಲ, ಇಲ್ಲೇ ನಿಲ್ಲಿಸಲೆ?" ಎಂದು ಹಿಂದಿಯಲ್ಲಿ ನನ್ನನ್ನೇ ಕೇಳುವುದು. ನಾನು ಗಂಭೀರವಾಗಿ ತಲೆ ಆಡಿಸುವುದು.

ಮಾವನವರು ಹಣೆಗೆ ವಿಭೂತಿ, ಕಿಸೆಗೆ ಮಸಿಯ ಪೆನ್ನು, ಕೈಯಲ್ಲಿ ನೂರು ಪುಟದ ನೋಟುಬುಕ್ಕು ಹಿಡಿದು ರಿಕ್ಷಾದಲ್ಲಿ ಕೂತಿದ್ದರು. ಕಾಳಾರಾಮನ ಗುಡಿಯಲ್ಲಿ ಎಲ್ಲ ಸುಸೂತ್ರವಾಯಿತು. ಹೊರಗೆ ಬಂದ ಮೇಲೆ ಅವರು ಮಗಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ನೋಡವ್ವ, ಈ ಊರಾಗ ಹುಟ್ಟಿದ ರಿಕ್ಷಾದವನೂ ನಿನ್ನ ಗಂಡನ್ನ ಕೇಳಿ ಗಾಡಿ ನಿಲ್ಲಸ್ತಾನ!"

ನೂರು ಜನರ ಗುಹೆ

ಮುಂದಿನದು ಸೀತಾಗುಂಫಾ. ಸೀತೆ ಇದ್ದ ಗುಹೆ ಎಂದು ಕಾರ್ಖಾನೆಯವನೊಬ್ಬ ಹೇಳಿದ್ದ. ಎಷ್ಟು ದೊಡ್ಡದು ಎಂದು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಫೋನಿನಲ್ಲಿ ಮಾವನವರಿಗೆ ನಾನಾಗಿಯೇ, "ವಿಶಾಲವಾದ ಗುಹೆರಿ. ನೂರು ಮಂದಿ ಕುಂತು ಪ್ರವಚನ ಕೇಳಬಹುದು" ಎಂದು ಸೇರಿಸಿದ್ದೆ.

ಒಳಗೆ ಹೋಗುವ ಸಾಲಿನಲ್ಲಿ ಮೊದಲು ನಾನು, ನನ್ನ ಹಿಂದೆ ಮಾವನವರು, ಅವರ ಹಿಂದೆ ಹೆಂಡತಿ. ನಾಲ್ಕು ಮೆಟ್ಟಿಲಿಳಿಯುವುದರೊಳಗೆ ಸೂರು ತಲೆಗೆ ಬಡಿಯಿತು. ಇನ್ನೆರಡು ಮೆಟ್ಟಿಲಿಗೆ ನಡು ಬಗ್ಗಿತು. ಆಮೇಲೆ ಕುಕ್ಕರುಗಾಲಿನಲ್ಲಿ, ಬಾತುಕೋಳಿಯಂತೆ ಸರಿಯುತ್ತ ಹೋಗಬೇಕಾಯಿತು. ಒಂದು ತಿರುವಿನಲ್ಲಿ ನನ್ನ ಭುಜ ಎರಡೂ ಕಡೆಯ ಕಲ್ಲಿಗೆ ತಾಗಿ ನಿಂತುಬಿಟ್ಟಿತು. ಮಾವನವರ ಹೊಟ್ಟೆ ನನಗಿಂತ ದೊಡ್ಡದು. ಹಿಂದಿನಿಂದ ಗುಜರಾತಿನ ಯಾತ್ರಿಗಳ ಗುಂಪು ಬೇರೆ ಒತ್ತುತ್ತಿತ್ತು.

ಆ ಇಕ್ಕಟ್ಟಿನಲ್ಲಿ, ಏದುಸಿರಿನ ನಡುವೆ, ಬೆನ್ನ ಹಿಂದಿನಿಂದ ಅತ್ಯಂತ ವಿನಯದ ಧ್ವನಿ ಕೇಳಿಸಿತು. "ಅಳಿಯಂದ್ರ, ಆ ಪ್ರವಚನದ ಜಾಗ ಇನ್ನೂ ಮುಂದ ಅದಯೇನ್ರಿ?"

ಇಬ್ಬರ ಸ್ನಾನ

ನಮ್ಮ ಕಡೆ ಒಂದು ಪದ್ಧತಿ. ಅಳಿಯ ಏನು ಹೇಳಿದರೂ ಮಾವ ಅಲ್ಲ ಅನ್ನುವುದಿಲ್ಲ. ಮಾವ ಏನು ಹೇಳಿದರೂ ಅಳಿಯ ಒಲ್ಲೆ ಅನ್ನುವುದಿಲ್ಲ. ಕೇಳಲು ಚೆನ್ನಾಗಿಯೇ ಇದೆ. ಇದರ ಅಪಾಯ ತಿಳಿಯುವುದು ಇಂಥ ಇಬ್ಬರು ಜೊತೆಯಾಗಿ ಊರು ನೋಡಲು ಹೊರಟಾಗ.

ಗೋದಾವರಿಯ ರಾಮಕುಂಡಕ್ಕೆ ಬಂದೆವು. ನವೆಂಬರಿನ ಗಾಳಿ ಬೀಸುತ್ತಿತ್ತು. ನೀರು ನೋಡಿದರೇ ಚಳಿಯಾಗುತ್ತಿತ್ತು. ಮಾವನವರು ನೋಟುಬುಕ್ಕು ತೆರೆದು, "ನೀವು ಬಂದಾಗೊಮ್ಮೆ ಇಲ್ಲಿ ಸ್ನಾನ ಮಾಡ್ತೀರಲ್ರಿ. ಇವತ್ತೂ ಆಗಲಿ, ನನ್ನ ಸಲುವಾಗಿ ಬಿಡಬ್ಯಾಡ್ರಿ" ಅಂದರು.

ಒಲ್ಲೆ ಅನ್ನುವ ಹಾಗಿಲ್ಲ. ಅಂಗಿ ಬಿಚ್ಚಿದೆ. ನಾನು ಬಿಚ್ಚಿದ್ದು ನೋಡಿ ಮಾವನವರೂ ಬಿಚ್ಚಿದರು. "ಮಾವಾರ, ನಿಮಗ ಚಳಿ ಆಗ್ತದರಿ" ಅಂದೆ. "ಛೇ ಛೇ, ಅಳಿಯಂದ್ರು ಇಳಿದ ಮ್ಯಾಲ ನಾ ದಂಡಿ ಮ್ಯಾಲ ನಿಂದ್ರೋದು ಸರಿ ಅಲ್ರಿ" ಅಂದರು. ಇಬ್ಬರೂ ಮುಳುಗಿದೆವು. ಮೂರು ಮುಳುಗು ಸಾಕೆಂದು ನಾನು ಏಳಬೇಕೆನ್ನುವಷ್ಟರಲ್ಲಿ ಅವರು ಇನ್ನೂ ನಿಂತಿದ್ದರು, ಹಾಗಾಗಿ ನಾನೂ ನಿಂತೆ. ನಾನು ನಿಂತಿದ್ದೇನೆಂದು ಅವರು ನಿಂತಿದ್ದರಂತೆ. ಇಬ್ಬರ ಹಲ್ಲೂ ಕಟಕಟ ಅನ್ನುತ್ತಿದ್ದವು.

ಕೊನೆಗೆ ಮೆಟ್ಟಿಲ ಮೇಲೆ ಟವೆಲ್ ಹಿಡಿದು ನಿಂತಿದ್ದ ಹೆಂಡತಿಗೆ ಸಿಟ್ಟು ಬಂತು. "ಇಬ್ಬರೂ ಎದ್ದು ಬರ್ತೀರೋ ಇಲ್ಲೋ? ಮುಂಜಾನೆ ಇಬ್ಬರಿಗೂ ಬಿಸಿನೀರು ಕಾಸಿ, ಸ್ನಾನ ಮಾಡ್ಸೇ ಕರ್ಕೊಂಡು ಬಂದೀನಿ!"

ನಂದಿ ಎಲ್ಲಿ?

ರಾಮಕುಂಡದ ಎದುರಿಗೇ ಮೆಟ್ಟಿಲು ಹತ್ತಿದರೆ ಕಪಾಲೇಶ್ವರನ ಗುಡಿ. ರಿಕ್ಷಾದವನು ಚಹಾ ಕುಡಿಯಲು ಕೆಳಗೇ ಉಳಿದ. ನನಗೂ ಅವನ ಅಗತ್ಯ ಕಾಣಲಿಲ್ಲ. ಶಿವನ ಗುಡಿಯಲ್ಲಿ ಏನಿರುತ್ತದೆ ಎಂದು ನಮಗೆ ಯಾರಾದರೂ ಹೇಳಿಕೊಡಬೇಕೆ?

ಮಾವನವರಿಗೆ ಶಿವನ ಗುಡಿಗೆ ಹೋದರೆ ಒಂದು ಕ್ರಮ. ನಂದಿಯ ಕೊಂಬಿನ ಮೇಲೆ ಹೆಬ್ಬೆರಳು ತೋರುಬೆರಳು ಇಟ್ಟು, ನಡುವಿನ ಸಂದಿಯಿಂದ ಲಿಂಗವನ್ನು ನೋಡಿ, ಆಮೇಲೆ ಒಳಗೆ ಕಾಲಿಡುವುದು. ಅವತ್ತೂ ನಡು ಬಗ್ಗಿಸಿ ಎರಡು ಬೆರಳು ಚಾಚಿದರು. ಬೆರಳು ಗಾಳಿಯಲ್ಲೇ ನಿಂತವು. ನೆಲ ಖಾಲಿ.

"ಅಳಿಯಂದ್ರ, ನಂದಿ ಎಲ್ಲಿ?"

ಈ ಗುಡಿಯನ್ನು ನಾನು ಫೋನಿನಲ್ಲಿ ಎರಡು ಸಲ ನೋಡಿದ್ದೆ. ಗೊತ್ತಿಲ್ಲ ಅನ್ನುವ ಹಾಗಿಲ್ಲ. ಸುತ್ತ ನೋಡಿದೆ. ಎಡಕ್ಕಿಲ್ಲ, ಬಲಕ್ಕಿಲ್ಲ. ಬಾಯಿ ತಾನಾಗಿ ಆಡಿಬಿಟ್ಟಿತು. "ರಿಪೇರಿಗೆ ಒಯ್ದಾರ್ರಿ."

"ಹೌದ್ರಿ? ಯಾವಾಗ?"

"ಎರಡು ತಿಂಗಳಾತ್ರಿ."

"ಹೋದ ಸಲ ನೀವು ಬಂದಾಗ ಇತ್ತು?"

"ಇತ್ರಿ. ಬಲಗಿವಿ ಸ್ವಲ್ಪ ಮುಕ್ಕಾಗಿತ್ತು."

ಮಾವನವರಿಗೆ ಒಮ್ಮೆಲೇ ಜೋರು ಕೆಮ್ಮು ಬಂತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, ಗೋಡೆಯ ಕಡೆ ತಿರುಗಿ ಸುಧಾರಿಸಿಕೊಂಡರು. ರಾಮಕುಂಡದ ತಣ್ಣೀರಿನ ಪರಿಣಾಮ ಅಂದುಕೊಂಡು ನನಗೆ ಕೆಟ್ಟದೆನಿಸಿತು. ಆಮೇಲೆ ಅವರು ಮೆಟ್ಟಿಲ ಮೇಲೆ ಕೂತು, ಮಸಿಯ ಪೆನ್ನಿನಿಂದ ದುಂಡಗೆ ಎಲ್ಲವನ್ನೂ ಬರೆದುಕೊಂಡರು.

ಕೆಳಗೆ ಬಂದು ರಿಕ್ಷಾದವನ ಕಿವಿಯಲ್ಲಿ ಕೇಳಿದೆ. ಅವನು ಚಹಾದ ಗ್ಲಾಸು ಕೆಳಗಿಟ್ಟ. "ಸಾಹೇಬ, ಆ ಗುಡಿಯಲ್ಲಿ ನಂದಿ ಇರುವುದೇ ಇಲ್ಲ. ಅದಕ್ಕೇ ಅದು ಪ್ರಸಿದ್ಧ. ಶಿವನಿಗೆ ತಟ್ಟಿದ ಬ್ರಹ್ಮಹತ್ಯೆಯ ಪಾಪ ಕಳೆಯಲು ದಾರಿ ಹೇಳಿಕೊಟ್ಟದ್ದು ನಂದಿ. ಗುರುವಾದವನು ನನ್ನ ಮುಂದೆ ಕೂಡಬಾರದು ಎಂದು ಶಿವನೇ ಎಬ್ಬಿಸಿದನಂತೆ. ನೀವೇನು ಹೇಳಿದಿರಿ?"

ನಾನು ಹೇಳಿದ್ದನ್ನು ಕೇಳಿದ ಮೇಲೆ ಅವನು ಅರ್ಧ ಗಂಟೆ ರಿಕ್ಷಾ ಓಡಿಸುವ ಸ್ಥಿತಿಯಲ್ಲಿರಲಿಲ್ಲ.

ಕಿಸೆಗೆ ಕೈ

ಮರುದಿನ ಮುಂಜಾನೆ ದೌಲತಾಬಾದ್ ಕೋಟೆಗೆಂದು ಎಸ್‌ಟಿ ಬಸ್ಸಿನಲ್ಲಿ ಔರಂಗಾಬಾದಿಗೆ ಹೊರಟೆವು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಮಾವನವರು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ನೋಟುಬುಕ್ಕನ್ನು ಎರಡಾಗಿ ಮಡಚಿ ನೆಹರೂ ಅಂಗಿಯ ಕಿಸೆಯಲ್ಲಿ ಇಟ್ಟಿದ್ದರು. ನನಗೆ ಬೇಕಾದದ್ದು ನಂದಿಯ ಒಂದೇ ಹಾಳೆ. ಎರಡು ಬೆರಳು ಮೆಲ್ಲಗೆ ಇಳಿಬಿಟ್ಟೆ.

"ರ್ರೀ! ಅಪ್ಪಾಜಿ ಕಿಸೆದಾಗ ಕೈ ಹಾಕ್ಲತ್ತೀರೇನು?"

ಹೆಂಡತಿಗೆ ಎಲ್ಲವನ್ನೂ ಹೇಳದೆ ಗತ್ಯಂತರವಿರಲಿಲ್ಲ. ಅಂಗಿ ಒಗೆಯುವುದರಿಂದ ನಂದಿಯ ಕಿವಿಯವರೆಗೆ ಹೇಳಿದೆ. ಅವಳು ಕೇಳಿದಳು, "ಅಂದ್ರ ದೌಲತಾಬಾದಿಗೆ ಎರಡು ಸಲ ಹೋಗಿದ್ದು?"

"ಒಂದು ಸಲನೂ ಹೋಗಿಲ್ಲ."

"ಎರಡನೇ ಸಲ ಹತ್ತಿಳಿದು ಮೊಣಕಾಲು ಹಿಡದಾವ ಅಂದ್ರಿ. ನಾ ಅಲ್ಲಿ ಅಳ್ಕೋತ ಕುಂತಿದ್ದೆ. ಎಣ್ಣಿ ಹಚ್ಕೋರಿ ಅಂದೆ. ಹಚ್ಚೀನಿ ಅಂದ್ರಲ್ಲ?"

"ಹಚ್ಚಿದ್ದೆ."

"ಯಾತಕ್ಕ?"

ಸ್ವಲ್ಪ ಹೊತ್ತಾದ ಮೇಲೆ ಅವಳೇ ಸಮಾಧಾನಕ್ಕೆ ಬಂದು, ಅಪ್ಪಾಜಿಗೆ ಹೇಳಿಬಿಡ್ರಿ, ಅವರೇನೂ ಅನ್ನಂಗಿಲ್ಲ ಅಂದಳು. ಅವರು ಏನೂ ಅನ್ನುವುದಿಲ್ಲ ಎಂಬುದೇ ನನ್ನ ಭಯವಾಗಿತ್ತು. ಸುಮ್ಮನೆ ನೋಟುಬುಕ್ಕು ಮುಚ್ಚಿ, ಆಮೇಲೆ ಎಂದಿನ ಹಾಗೆ 'ಅಳಿಯಂದ್ರ, ಊಟ ಮಾಡ್ರಿ' ಅನ್ನುತ್ತಾರೆ. ಅದನ್ನು ತಡೆದುಕೊಳ್ಳುವುದು ಹೇಗೆ?

"ಹೇಳದಿದ್ರ ಇನ್ನೂ ಕಷ್ಟ" ಅಂದಳು ಹೆಂಡತಿ. "ದೊಡ್ಡ ಭಾವಾರು ಸಣ್ಣವರಿದ್ದಾಗ ಸಾಲಿ ಟ್ರಿಪ್ಪಿನಾಗ ನಾಸಿಕಕ್ಕ ಬಂದಿದ್ರಂತ. ನಂದಿ ಇರಂಗಿಲ್ಲ ಅನ್ನೋದು ಅವರಿಗೆ ಗೊತ್ತೇ ಇರ್ತದ. ಸಂಘದಾಗ ಎಲ್ಲಾರ ಮುಂದ ಎದ್ದು ಹೇಳಿದ್ರ ಅಪ್ಪಾಜಿ ಮಾರಿ ಎಲ್ಲಿ ಇಟ್ಕೋಬೇಕು?"

ಅಲ್ಲಿಯತನಕ ನಾನು ನನ್ನ ಮರ್ಯಾದೆಯ ಲೆಕ್ಕವನ್ನಷ್ಟೇ ಹಾಕುತ್ತಿದ್ದೆ. ಮಾವನವರ ಮರ್ಯಾದೆಯೂ ಅದೇ ಹಾಳೆಯ ಮೇಲಿದೆ ಎಂದು ಹೊಳೆದಾಗ ನಿಜವಾಗಿ ನಾಚಿಕೆಯಾಯಿತು. ಹೆಂಡತಿ ಕೂಗಿದ ಭರಕ್ಕೂ ಮಾವನವರ ನಿದ್ದೆ ಕೆಡಲಿಲ್ಲವಲ್ಲ ಎಂಬುದೊಂದೇ ಆಗಿನ ನನ್ನ ಸಮಾಧಾನ. ಅವರು ಎಚ್ಚರವಾಗಿಯೇ ಇದ್ದರೆಂದು ತಿಳಿದದ್ದು ಆಮೇಲೆ.

ಮೂರನೇ ಸಲ ದೌಲತಾಬಾದ್

ಕೋಟೆಯ ಬುಡದಲ್ಲಿ ನಿಂತು ಮೇಲೆ ನೋಡಿದಾಗಲೇ ನನ್ನ ಮೊಣಕಾಲು ನೋಯತೊಡಗಿತು. ಹೆಂಡತಿ ಸೀತಾಫಲ ಮಾರುವವಳ ಬುಟ್ಟಿಯ ಪಕ್ಕ ನೆರಳು ಹುಡುಕಿ, "ನೀವಿಬ್ಬರೂ ಹೋಗಿ ಬರ್ರಿ" ಎಂದು ಕೂತುಬಿಟ್ಟಳು. ಹೋಗಿ ಬರ್ರಿ ಅನ್ನುವಾಗ ನನ್ನ ಕಡೆ ಕಣ್ಣು ಅಗಲಿಸಿದಳು. ಹೇಳಿಯೇ ಇಳಿಯಬೇಕು ಎಂದು ಅದರ ಅರ್ಥ.

ಹತ್ತಿದೆವು. ಕಗ್ಗತ್ತಲೆಯ ಸುರಂಗದಲ್ಲಿ ಬಾವಲಿಗಳ ವಾಸನೆಯ ನಡುವೆ, ಒಬ್ಬರ ಅಂಗಿ ಒಬ್ಬರು ಹಿಡಿದು ದಾಟಿದೆವು. ಅಲ್ಲಿಂದಾಚೆಗೆ ಹತ್ತು ಮೆಟ್ಟಿಲಿಗೊಮ್ಮೆ ನಾನು "ಮಾವಾರ, ಸಾಕಾಗಿದ್ರ ಇಳಿಯೂಣ್ರಿ" ಅನ್ನುವುದು. ಅವರು "ಇಲ್ರಿ, ನಿಮಗ ಇಷ್ಟದ ಕೋಟಿ, ನನ್ನ ಸಲುವಾಗಿ ಅರ್ಧಕ್ಕ ಇಳಿಯೂದು ಬ್ಯಾಡ್ರಿ" ಅನ್ನುವುದು. ಹೀಗೆ ಯಾರಿಗೂ ಬೇಡದ ಕೋಟೆಯನ್ನು ಇಬ್ಬರೂ ಕೊನೆಯ ಮೆಟ್ಟಿಲವರೆಗೆ ಹತ್ತಿ, ಮೇಲಿನ ಕಮಾನಿನ ಕೆಳಗೆ ಕುಸಿದು ಕೂತೆವು.

ಸುಳ್ಳು ಹೇಳಲಿಕ್ಕೂ ಉಸಿರು ಬೇಕು. ನನ್ನಲ್ಲಿ ಅದು ಉಳಿದಿರಲಿಲ್ಲ.

"ಮಾವಾರ," ಅಂದೆ, "ನಂದಿ ರಿಪೇರಿಗೆ ಹೋಗಿಲ್ರಿ."

ಅವರು ನೀರಿನ ಬಾಟಲಿ ಕೆಳಗಿಟ್ಟರು. ನಾನು ನಿಲ್ಲಿಸದೆ ಎಲ್ಲ ಹೇಳಿದೆ. ನಾಸಿಕ ನೋಡಿಲ್ಲ, ಕೋಟೆ ಹತ್ತಿಲ್ಲ, ಭಾನುವಾರವೆಲ್ಲ ಅಂಗಿ ಒಗೆದೆ ಅಂದೆ. ಸಂಘದಲ್ಲಿ ಅದನ್ನು ಓದಬೇಡಿ, ದೊಡ್ಡ ಅಳಿಯಂದ್ರ ಮುಂದೆ ನಿಮಗೆ ಅವಮಾನವಾಗುತ್ತದೆ ಅಂದೆ. ಕಣ್ಣಲ್ಲಿ ನೀರೂ ಬಂದಿತ್ತು. ಅರ್ಧ ದುಃಖಕ್ಕೆ, ಅರ್ಧ ಮೊಣಕಾಲಿಗೆ.

ಮಾವನವರು ನಿಧಾನವಾಗಿ ಅಂದರು, "ಗೊತ್ತದರಿ."

"ಏನು ಗೊತ್ತದರಿ?"

"ಎಲ್ಲಾ. ನೀವು ಪಂಚವಟಿ ಹೇಳಾಗ ಫೋನಿನಾಗ ಅರವಿ ತಿಕ್ಕೋ ಸಪ್ಪಳ ಕೇಳ್ತಿತ್ತು. ಮುಂಜಾನೆ ಬಸ್ಸಿನಾಗೂ ಎಚ್ಚರೇ ಇದ್ದೆ. ಇನ್ನ ನಂದಿ..." ಅವರು ಸುತ್ತ ನೋಡಿದರು, ಅಲ್ಲಿ ಕೋತಿಗಳ ಹೊರತು ಯಾರೂ ಇರಲಿಲ್ಲ. "ಮೂವತ್ತು ವರ್ಷದ ಹಿಂದ ನಾನೇ ಸಾಲಿ ಹುಡುಗರನ್ನ ಕರ್ಕೊಂಡು ನಾಸಿಕಕ್ಕ ಬಂದಿದ್ದೆ. ನಾ ನೋಡಿದ ಊರು, ನಾ ತೋರಸ್ತೀನಿ ಅಂತ ಹೆಡ್‌ಮಾಸ್ತರಿಗೆ ಹೇಳಿದ್ದೆ. ನೋಡಿರಲಿಲ್ಲ. ಕಪಾಲೇಶ್ವರದಾಗ ಒಬ್ಬ ಹುಡುಗ, 'ಸರ, ನಂದಿ ಎಲ್ಲಿ?' ಅಂದ."

"ನೀವೇನಂದ್ರಿ?"

"ಮೇಯಲಿಕ್ಕ ಹೋಗ್ಯಾನ, ಸಂಜಿಗೆ ಬರ್ತಾನ ಅಂದೆ."

ನನ್ನ ಎದೆಯ ಮೇಲಿದ್ದ ಕಲ್ಲು ಹಾಗೇ ಉರುಳಿ ಕೋಟೆಯ ಕಂದಕಕ್ಕೆ ಬಿದ್ದಂತಾಯಿತು. ಇಬ್ಬರೂ ನಗತೊಡಗಿದೆವು. ನಮ್ಮ ನಗೆಗೆ ಕೋತಿಗಳು ಎದ್ದು ಹೋದವು. "ಆದ್ರ ನಿಮ್ಮದು ನನ್ನದಕ್ಕಿಂತ ಛಲೋ ಇತ್ರಿ," ಅಂದರು ಮಾವನವರು ಕಣ್ಣೊರೆಸಿಕೊಳ್ಳುತ್ತ. "ಬಲಗಿವಿ ಮುಕ್ಕಾಗಿತ್ತು ಅಂದ್ರಲ್ಲ, ಆಗ ನಗು ತಡಕೊಳ್ಳಲಿಕ್ಕ ಕೆಮ್ಮಬೇಕಾತು."

"ಆ ಹುಡುಗ ನಂಬಿದನೇನ್ರಿ?"

"ನಂಬದೇನ್ರಿ? ಉಳಿದವರೆಲ್ಲ ಪೇಟಿ ನೋಡ್ಲಿಕ್ಕ ಹೋದ್ರ, ಅಂವ ಒಬ್ಬನೇ ಕೈಯಾಗ ಒಂದು ಹಿಡಿ ಹುಲ್ಲು ಹಿಡ್ಕೊಂಡು ಸಂಜಿತನಕ ಆ ಮೆಟ್ಟಲ ಮ್ಯಾಲ ಕುಂತಿದ್ದ. ಇಂಥ ನಂಬಿಗಸ್ಥ ಹುಡುಗ ಮತ್ತೆಲ್ಲಿ ಸಿಗ್ತಾನ ಅಂತ, ಮುಂದ ನನ್ನ ದೊಡ್ಡ ಮಗಳನ್ನ ಅವನಿಗೇ ಕೊಟ್ಟೆ."

ಮುಂದಿನ ಸಾಲು

ಸಂಕ್ರಾಂತಿಗೆ ನಾವು ಭಾಲ್ಕಿಗೆ ಹೋದಾಗ ಸಂಘದ ಸಭೆ ಇತ್ತು. ಮಾವನವರು ಲೇಖನವನ್ನು ಹೊಸದಾಗಿ ಬರೆದಿದ್ದರು. ರಿಪೇರಿಯ ಮಾತು ತೆಗೆದು, ರಿಕ್ಷಾದವನು ಹೇಳಿದ ಕಥೆಯನ್ನು ಸೇರಿಸಿದ್ದರು. ನನ್ನ ಹೆಸರಿನ ಮುಂದೆ 'ಇತಿಹಾಸದಲ್ಲಿ ಅಪಾರ ಕಲ್ಪನಾಶಕ್ತಿ ಉಳ್ಳ' ಎಂದು ಹಾಕಿದ್ದರು. ನಾನು ನಿಶ್ಚಿಂತೆಯಿಂದ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಷಡ್ಡಕರು ಜರತಾರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮಾವನವರು ಗಂಟಲು ಸರಿಮಾಡಿಕೊಂಡು ಓದಿದರು, "ಕಪಾಲೇಶ್ವರನ ಸನ್ನಿಧಿಯಲ್ಲಿ ನಮಗೆ ನಂದಿಯ ದರ್ಶನವಾಗಲಿಲ್ಲ." ಕಾರಣ ಮುಂದಿನ ಪುಟದಲ್ಲಿತ್ತು. ಪುಟ ತಿರುವಲು ಅವರು ಬೆರಳು ಒದ್ದೆ ಮಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ದೊಡ್ಡ ಅಳಿಯ ಎದ್ದು ನಿಂತರು. ತಮಾಷೆಗೆ ಕೇಳಿದರೋ ನಿಜವಾಗಿಯೇ ಕೇಳಿದರೋ ಇವತ್ತಿಗೂ ನನಗೂ ಮಾವನವರಿಗೂ ತಿಳಿದಿಲ್ಲ. ಮುಖದಲ್ಲಿ ನಗು ಇರಲಿಲ್ಲ. ಮೂವತ್ತು ವರ್ಷದ ಹಿಂದಿನ ಹುಡುಗನ ಹಾಗೆ ಕೈಕಟ್ಟಿಕೊಂಡು ಕೇಳಿದರು:

"ಸರ, ಇನ್ನೂ ಮೇದು ಬಂದಿಲ್ಲೇನ್ರಿ?"